ಇತರೆ ಕೆಲಸ, ಎರಡು ವಾರ

ಅವನು "ಭಾವ" ಎಂದು ಕರೆಯುವುದು ಗೌರವಕ್ಕೋ, ಅಥವಾ ನಾಲ್ಕು ಜನರ ಎದುರು ತನ್ನನ್ನು ಒಂದು ಮೆಟ್ಟಿಲು ಕೆಳಗಿಳಿಸುವುದಕ್ಕೋ? ಲಿಫ್ಟಿನ ಬಾಗಿಲು ಮುಚ್ಚಿಕೊಳ್ಳುವಷ್ಟರಲ್ಲಿ ಹೊರಗಿನಿಂದ ಕೇಳಿಸಿದ ಮಾತು ಇಷ್ಟೆ: "ಭಾವ, ಹತ್ತಕ್ಕೆ ಸರಿಯಾಗಿ ಶುರು ಮಾಡಿಬಿಡೋಣ, ಆಸ್ಪತ್ರೆಯವರು ಆಗಲೇ ಬಂದಾಯ್ತು." ಅದರಲ್ಲಿ ಹುಳುಕು ಹುಡುಕುವಂಥದ್ದು ಏನೂ ಇರಲಿಲ್ಲ. ಆದರೂ ಮೂರನೆಯ ಮಹಡಿಯಿಂದ ಆರನೆಯ ಮಹಡಿಗೆ ಏರುವಷ್ಟು ಹೊತ್ತೂ, ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡದ್ದನ್ನು ನಾಲಿಗೆ ಕೆದಕುವ ಹಾಗೆ ಇವನು ಆ ಒಂದು ಶಬ್ದವನ್ನೇ ಕೆದಕುತ್ತಿದ್ದ. ಆರು ವರ್ಷದ ಹಿಂದೆ, ಹೆಂಡತಿಯ ತಂಗಿಯ ಗಂಡ ಎಂಬ ಒಂದೇ ಕಾರಣಕ್ಕೆ, ಅವನ ಅರ್ಜಿಯನ್ನು ಕೈಯಲ್ಲಿ ಹಿಡಿದುಕೊಂಡು ಕಂಪನಿಯ ದೊಡ್ಡವರ ಕೋಣೆಗೆ ಹೋದವನು ತಾನು. ಆಗ ಷಡ್ಡಕನಿಗೆ ಇವನು ಆಫೀಸಿನಲ್ಲಿ ಸರ್, ಮನೆಯಲ್ಲಿ ಭಾವ. ಒಂದು ದಿನವೂ ಅವನು ಎರಡನ್ನು ಕಲಸಿಕೊಂಡಿರಲಿಲ್ಲ. ಆರು ತಿಂಗಳ ಹಿಂದೆ ಆಸ್ಪತ್ರೆಯ ಪ್ರಾಜೆಕ್ಟಿಗೆ ಅವನನ್ನು ಮ್ಯಾನೇಜರ್ ಮಾಡಿದರು. ಮರುದಿನದಿಂದ ಆಫೀಸಿನಲ್ಲೂ ಭಾವ. "ಮತ್ತೇನಂತ ಕರೀಬೇಕು ಪಾಪ?" ಎಂದಿದ್ದಳು ಹೆಂಡತಿ, ಬಟ್ಟೆ ಮಡಿಚುತ್ತ. "ಹೆಸರು ಹಿಡಿಯೋಕಾಗತ್ತಾ? ತನ್ನ ಕೈಕೆಳಗಿರೋವ್ರನ್ನ ಸರ್ ಅನ್ನೋಕಾಗತ್ತಾ?" ಕೈಕೆಳಗಿರುವವರು. ಅವಳು ಅದನ್ನು ಎಷ್ಟು ಸಹಜವಾಗಿ ಹೇಳಿದಳೆಂದರೆ, ಆ ಮಾತು ತನಗೆ ಚುಚ್ಚಿತು ಎಂದು ತೋರಿಸಿಕೊಳ್ಳುವುದಕ್ಕೂ ಇವನಿಗೆ ನಾಚಿಕೆಯಾಯಿತು.

ಆರನೆಯ ಮಹಡಿಯ ಉದ್ದನೆಯ ಕೋಣೆಯಲ್ಲಿ ಕುರ್ಚಿಗಳನ್ನು ಸಾಲಾಗಿ ಹಾಕಿದ್ದರು. ಇವತ್ತು ಹೊಸ ಸಾಫ್ಟ್‌ವೇರಿನ ಪರೀಕ್ಷೆ. ಆಸ್ಪತ್ರೆಯ ಹಳೆಯ ದಾಖಲೆಗಳನ್ನೆಲ್ಲ ಎರಡು ದಿನ ಕೂತು ಹೊಸದಕ್ಕೆ ಸುರಿದಾಗಿತ್ತು. ಆಸ್ಪತ್ರೆಯವರು ತಮಗೆ ಬೇಕಾದ ರೋಗಿಯ ನಂಬರ್ ಹೇಳುವುದು, ಎದುರಿನ ದೊಡ್ಡ ಪರದೆಯ ಮೇಲೆ ಅವರ ದಾಖಲೆ ಸರಿಯಾಗಿ ಬರುವುದು, ಇಷ್ಟೇ ಕಾರ್ಯಕ್ರಮ. ಇದು ಗೆದ್ದರೆ ಷಡ್ಡಕನ ಮ್ಯಾನೇಜರಿಕೆ ಖಾಯಂ. ಸೋತರೆ ಏನು ಎಂಬುದನ್ನು ಯಾರೂ ಬಾಯಿ ಬಿಟ್ಟು ಹೇಳಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಇವನು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತ. ಗೋಡೆಯ ಬಿಳಿ ಹಲಗೆಯ ಮೇಲೆ ಷಡ್ಡಕನ ಅಕ್ಷರದಲ್ಲಿ "ಭಯಗಳು" ಎಂಬ ಪಟ್ಟಿ ಇನ್ನೂ ಹಾಗೇ ಇತ್ತು. ಪ್ರತಿ ಸೋಮವಾರ ಬೆಳಿಗ್ಗೆ ಟೀಮಿನವರೆಲ್ಲ ಈ ಹಲಗೆಯ ಮುಂದೆ ನಿಲ್ಲಬೇಕು, ಒಬ್ಬೊಬ್ಬರೂ ಈ ಪ್ರಾಜೆಕ್ಟಿನ ಬಗ್ಗೆ ತಮಗಿರುವ ಒಂದು ಭಯ ಹೇಳಬೇಕು. ಅದನ್ನು ಬರೆದು, ಪಕ್ಕದಲ್ಲಿ ಅದನ್ನು ನೋಡಿಕೊಳ್ಳುವವರ ಹೆಸರು ಹಾಕುವುದು ಅವನು ತಂದ ಪದ್ಧತಿ. ಮೊದಲ ಸೋಮವಾರ ಎಲ್ಲರೂ ನಕ್ಕಿದ್ದರು. "ನನಗೆ ನಮ್ಮತ್ತೆ ಭಯ, ಬರ್ಕೊಳ್ಳಿ, ನೋಡ್ಕೊಳ್ಳೋಕೆ ಯಾರನ್ನ ಹಾಕ್ತೀರಿ?" ಎಂದಿದ್ದಳು ಪರೀಕ್ಷೆ ಮಾಡುವ ಹುಡುಗಿ. ಏನು ಕೊಟ್ಟರೂ ತಪ್ಪು ಸೋಸಿ ತೆಗೆಯುತ್ತಾಳೆಂದು ಅವಳಿಗೆ ಜರಡಿ ಎಂದೇ ಹೆಸರು. ಆಮೇಲೆ ಆಮೇಲೆ ಜನ ನಿಜವಾದ ಭಯಗಳನ್ನೇ ಹೇಳತೊಡಗಿದರು: ಆಸ್ಪತ್ರೆಯವರು ವಾರಕ್ಕೊಂದು "ಸಣ್ಣ ಬದಲಾವಣೆ" ಕೇಳುತ್ತಾರೆ, ಹೊಸದಾಗಿ ಸೇರಿಸಿದ ಇಬ್ಬರಿಗೆ ಕಲಿಸುವುದರಲ್ಲೇ ಹಳಬರ ದಿನ ಹೋಗುತ್ತಿದೆ, ಹದಿನೈದು ದಿನದಿಂದ ಒಂದು ಕೆಲಸ ತೊಂಬತ್ತು ಪರ್ಸೆಂಟ್ ಮುಗಿದೇ ಇದೆ. ಇದನ್ನೆಲ್ಲ ತಾನು ಇಪ್ಪತ್ತು ವರ್ಷದಿಂದ ಬಲ್ಲೆ, ಒಂದು ಹಲಗೆ ಮತ್ತು ಪೆನ್ನು ಹಿಡಿದು ನಿಂತರೆ ಯಾರು ಬೇಕಾದರೂ ದೊಡ್ಡವರಾಗಬಹುದು ಎಂದುಕೊಳ್ಳುತ್ತ ಇವನು ತನ್ನ ಸರದಿ ಬಂದಾಗ ಹೇಳುತ್ತಿದ್ದ: "ನೆಟ್‌ವರ್ಕ್ ನಿಧಾನ ಆಗಬಹುದು." ಷಡ್ಡಕ ಪೆನ್ನು ಎತ್ತಿ ಒಂದು ಗಳಿಗೆ ಸುಮ್ಮನೆ ಇವನ ಮುಖ ನೋಡುತ್ತಿದ್ದ. "ಅಷ್ಟೇನಾ ಭಾವ?" "ಅಷ್ಟೆ."

ಅಷ್ಟೇ ಆಗಿರಲಿಲ್ಲ. ಹನ್ನೊಂದು ವರ್ಷದ ಹಿಂದೆ ಆ ಆಸ್ಪತ್ರೆಯ ಹಳೆಯ ಸಾಫ್ಟ್‌ವೇರ್ ಬರೆದವನು ಇವನೇ, ಒಬ್ಬನೇ. ರೋಗಿಗೊಂದು ನಂಬರ್, ಐದು ಅಂಕೆ. ಲಕ್ಷ ಜನ ಬರುವ ಹೊತ್ತಿಗೆ ತಾನು ಎಲ್ಲಿರುತ್ತೇನೋ ಎಂದುಕೊಂಡಿದ್ದ. ನಾಲ್ಕೇ ವರ್ಷಕ್ಕೆ ನಂಬರುಗಳು ಮುಗಿದವು. ಒಂದು ಶನಿವಾರ ಆಸ್ಪತ್ರೆಯವರು ಫೋನ್ ಮಾಡಿ, ಹೊಸ ರೋಗಿಗಳನ್ನು ಬರೆದುಕೊಳ್ಳಲು ಆಗುತ್ತಿಲ್ಲ, ಜನ ಸಾಲು ನಿಂತಿದ್ದಾರೆ ಎಂದರು. ಇವನು ಎರಡು ದಿನದಲ್ಲಿ ಒಂದು ತೇಪೆ ಹಾಕಿದ: ಮೂರು ವರ್ಷದಿಂದ ಬರದವರ ನಂಬರನ್ನು ಹೊಸಬರಿಗೆ ಕೊಟ್ಟುಬಿಡುವುದು, ಹಳಬರ ದಾಖಲೆಗೆ ಒಂದು ಗುಟ್ಟಿನ ಅಕ್ಷರ ಅಂಟಿಸಿ ಪಕ್ಕಕ್ಕಿಡುವುದು. ಮತ್ತೆ ಬಂದರೆ ಆ ಅಕ್ಷರದಿಂದ ಅವರನ್ನು ಗುರುತಿಸಬಹುದು. ಸೋಮವಾರ ಬೆಳಿಗ್ಗೆ ಸಾಲು ಕರಗಿತು, ದೊಡ್ಡವರು ಬೆನ್ನು ತಟ್ಟಿದರು, ಹೇಗೆ ಮಾಡಿದೆ ಎಂದು ಯಾರೂ ಕೇಳಲಿಲ್ಲ. ಹೀಗೆ ಒಂದೇ ನಂಬರಿನ ಕೆಳಗೆ ಇಬ್ಬಿಬ್ಬರು ಮನುಷ್ಯರು ವರ್ಷಗಟ್ಟಲೆ ಬದುಕಿದರು, ಬೆನ್ನಿಗೆ ಬೆನ್ನು ಹಾಕಿಕೊಂಡು. ಹೊಸ ಸಾಫ್ಟ್‌ವೇರಿಗೆ ಮಾತ್ರ ಒಂದು ನಂಬರ್ ಎಂದರೆ ಒಬ್ಬ ಮನುಷ್ಯ. ಹಲಗೆಯ ಮುಂದೆ ನಿಂತು ಹೇಳಬೇಕಾದ ಭಯ ಅದು. ಹೇಳಿದರೆ ಷಡ್ಡಕ ತನ್ನ ದುಂಡಗಿನ ಅಕ್ಷರದಲ್ಲಿ ಬರೆಯುತ್ತಾನೆ, ಪಕ್ಕದಲ್ಲಿ ಇವನ ಹೆಸರು ಹಾಕುತ್ತಾನೆ, ಹೊಸದಾಗಿ ಸೇರಿದ ಹುಡುಗರು ಅದನ್ನು ಓದುತ್ತಾರೆ. ಬೇಡ, ತಾನೇ ಕೊನೆಯ ಹೊತ್ತಿಗೆ ಯಾರಿಗೂ ತಿಳಿಯದ ಹಾಗೆ ಸರಿಮಾಡಿಬಿಡುತ್ತೇನೆ, ಮೂರು ದಿನ ಸಾಕು ಎಂದುಕೊಂಡಿದ್ದ. ಹೋದ ವಾರ ಎರಡು ಮಧ್ಯಾಹ್ನ ಕೂತು, ಗುಟ್ಟಿನ ಅಕ್ಷರ ಇದ್ದವರನ್ನೆಲ್ಲ ಬೇರೆ ಮಾಡುವ ಹಾಗೆ ಬರೆದು ಸೇರಿಸಿಯೂ ಇದ್ದ. ಪಟ್ಟಿಯಲ್ಲಿಲ್ಲದ ಕೆಲಸವಾದ್ದರಿಂದ ಅದನ್ನು ಪರೀಕ್ಷಿಸಿ ಎಂದು ಜರಡಿಗೆ ಹೇಳುವ ಹಾಗಿರಲಿಲ್ಲ.

ದೊಡ್ಡವರು ಒಳಗೆ ಬಂದರು. ಎಲ್ಲರೂ ಎದ್ದು ಕೂತರು. ಅವರು ಷಡ್ಡಕನ ಹೆಗಲ ಮೇಲೆ ಕೈಯಿಟ್ಟು ಏನೋ ಹೇಳಿ ನಕ್ಕದ್ದು ಇವನಿಗೆ ಕಾಣಿಸಿತು. ಆ ಕೈ ಎಷ್ಟು ಹೊತ್ತು ಅಲ್ಲಿತ್ತು ಎಂದು ಲೆಕ್ಕ ಹಾಕುತ್ತಿರುವುದು ತಿಳಿದು ಇವನಿಗೆ ತನ್ನ ಮೇಲೇ ಹೇಸಿಗೆಯಾಯಿತು, ಆದರೂ ನೋಟ ಕೀಳಲಾಗಲಿಲ್ಲ. ಭಾನುವಾರ ಅತ್ತೆಯ ಮನೆಯಲ್ಲಿ ಊಟಕ್ಕೆ ಕೂತಾಗಲೂ ಹೀಗೇ. ಅತ್ತೆ ಬಡಿಸುತ್ತ ಮೊದಲು ಚಿಕ್ಕ ಅಳಿಯನ ತಟ್ಟೆಗೆ ಬಾಗಿದ್ದರು. ಹದಿನೈದು ವರ್ಷದಲ್ಲಿ ಮೊದಲ ಸಲ. "ಏನ್ರೀ ದೊಡ್ಡಳಿಯಂದ್ರೇ, ಈಗ ನಮ್ಮ ಚಿಕ್ಕವರೇ ನಿಮಗೆ ಸಾಹೇಬ್ರಂತೆ? ರಜೆ ಬೇಕಾದ್ರೆ ಇಲ್ಲೇ ಕೇಳ್ಕೊಂಡುಬಿಡಿ, ನಾನು ಶಿಫಾರಸು ಮಾಡ್ತೀನಿ!" ಎಲ್ಲರೂ ನಕ್ಕರು. ಇವನೂ ನಕ್ಕ, ಎಲ್ಲರಿಗಿಂತ ಸ್ವಲ್ಪ ಹೆಚ್ಚು ಹೊತ್ತು. ನಗದವನು ಷಡ್ಡಕ ಒಬ್ಬನೇ. "ಅತ್ತೆ, ನನಗೆ ಕೀಬೋರ್ಡ್ ಮುಟ್ಟೋಕೆ ಹೇಳಿಕೊಟ್ಟಿದ್ದೇ ಭಾವ" ಎಂದ. ಆ ಮಾತು ಇವನಿಗೆ ನಗೆಗಿಂತ ಹೆಚ್ಚು ಉರಿಸಿತು. ಹೊಗಳುವ ಅಧಿಕಾರ ಕೂಡ ಈಗ ಅವನದೇ. ಮನೆಗೆ ಬರುವ ದಾರಿಯಲ್ಲಿ ಹೆಂಡತಿ, "ಎಷ್ಟು ದೊಡ್ಡ ಮನಸ್ಸು ಅಲ್ವಾ?" ಎಂದಳು. ಇವನು ಸಿಗ್ನಲ್ಲಿನ ಕೆಂಪು ದೀಪವನ್ನೇ ನೋಡುತ್ತ, "ಯಾರದ್ದು?" ಎಂದು ಕೇಳಿದ. ಅವಳು ಕಿಟಕಿಯ ಗಾಜು ಇಳಿಸಿದಳು.

ಏಳು ವಾರದ ಹಿಂದೆ ಇದೇ ಲಿಫ್ಟಿನಲ್ಲಿ ದೊಡ್ಡವರು ಸಿಕ್ಕಿದ್ದರು. ಇಬ್ಬರೇ. ಅವರ ಕೈಯಲ್ಲಿ ಷಡ್ಡಕನ ಪ್ಲಾನಿನ ಪ್ರತಿ ಇತ್ತು. ಯಾವ ಕೆಲಸಕ್ಕೆ ಎಷ್ಟು ದಿನ, ಯಾರ ಕೈಯಲ್ಲಿ, ಯಾವುದು ಮುಗಿದ ಮೇಲೆ ಯಾವುದು, ಎಲ್ಲ ಇದ್ದ ಎಂಟು ಹಾಳೆ. ಇವನು ಅದನ್ನು ಆಗಲೇ ಮೂರು ಸಲ ಓದಿದ್ದ, ತಪ್ಪು ಹುಡುಕುವುದಕ್ಕೆಂದೇ. ಚೆನ್ನಾಗಿತ್ತು, ಅದೇ ಕಷ್ಟ. ಕೊನೆಯ ಹಾಳೆಯಲ್ಲಿ ಮಾತ್ರ ಒಂದು ಸಾಲು: "ಇತರೆ ಕೆಲಸ, ಎರಡು ವಾರ." ಯಾರ ಹೆಸರೂ ಇಲ್ಲ, ವಿವರವೂ ಇಲ್ಲ. ಕೈಗೆ ಸಿಕ್ಕಿದ್ದು ಅದೊಂದೇ. "ಹೇಗಿದೆ ನಿಮ್ಮ ಷಡ್ಡಕರ ಪ್ಲಾನು?" ಎಂದರು ದೊಡ್ಡವರು. "ಬಹಳ ಚೆನ್ನಾಗಿದೆ ಸರ್" ಎಂದ ಇವನು. ಎರಡು ಮಹಡಿ ದಾಟಿತು. "ಕೊನೇಲಿ ಎರಡು ವಾರ ಸುಮ್ನೆ ಇಟ್ಕೊಂಡಿದ್ದಾನೆ, ಅಷ್ಟೆ. ಮೊದಲನೇ ಸಲ ಅಲ್ವಾ ಸರ್, ಹೆದರಿಕೆ ಇರತ್ತೆ. ನಾನೂ ಹಾಗೇ ಇಟ್ಕೋತಿದ್ದೆ." ಎಷ್ಟು ಮೃದುವಾಗಿ ಬಂತು ಮಾತು, ತಮ್ಮನ ಮೇಲಿನ ಮಮತೆಯಿಂದ ಹೇಳಿದ ಹಾಗೆ. ದೊಡ್ಡವರು ಹುಬ್ಬು ಏರಿಸಿ ಕೊನೆಯ ಹಾಳೆ ತಿರುವಿದರು. ಅವತ್ತು ಮಧ್ಯಾಹ್ನವೇ ಆ ಸಾಲಿನ ಮೇಲೆ ಕೆಂಪು ಗೀಟು ಬಿತ್ತು. ಆಸ್ಪತ್ರೆಗೆ ಕೊಟ್ಟ ತಾರೀಖು ಎರಡು ವಾರ ಮೊದಲೇ ಬಂತು. ಷಡ್ಡಕ ನೀರಿನ ಯಂತ್ರದ ಹತ್ತಿರ ಬಂದು ನಿಂತು, "ಆ ಎರಡು ವಾರ ಹೋಯ್ತು ಭಾವ" ಎಂದ. ಇವನು ಲೋಟ ತುಂಬುವುದನ್ನೇ ನೋಡುತ್ತ, "ಹಾಗಾ? ಛೆ" ಎಂದ. "ಪರವಾಗಿಲ್ಲ. ಹೇಗೋ ಮಾಡೋಣ. ನೀವಿದ್ದೀರಲ್ಲ" ಎಂದ ಅವನು. ಅದನ್ನು ಇವನು ಬರಿಯ ಬಾಯುಪಚಾರ ಎಂದುಕೊಂಡಿದ್ದ. ಅವತ್ತು ಸಂಜೆ ಮನೆಗೆ ಹೋಗುವಾಗ, ಕಾರಣವಿಲ್ಲದೆ ಎನ್ನುವ ಹಾಗೆ, ಹೆಂಡತಿಗೆ ಹೂ ಕೊಂಡಿದ್ದ.

ಪರೀಕ್ಷೆ ಶುರುವಾಯಿತು. ಆಸ್ಪತ್ರೆಯ ದಾಖಲೆ ವಿಭಾಗದ ಮೇಡಂ ಮುಂದಿನ ಸಾಲಿನಲ್ಲಿ ಕೂತಿದ್ದರು, ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು. ಒಂದು ನಂಬರ್ ಹೇಳಿದರು, ಬಂತು. ಇನ್ನೊಂದು, ಬಂತು. ಹತ್ತು, ಹದಿನೈದು. ಷಡ್ಡಕನ ದನಿ ಸಡಿಲವಾಗುತ್ತ ಹೋಯಿತು, ಒಂದು ತಮಾಷೆಯನ್ನೂ ಹೇಳಿದ. ತನ್ನ ಎರಡು ಮಧ್ಯಾಹ್ನದ ಕೆಲಸ ಹಿಡಿದಿದೆ ಎಂದು ಇವನಿಗೂ ಉಸಿರು ಹಗುರಾಗಬೇಕಿತ್ತು. ಆಗಲಿಲ್ಲ. ಪ್ರತಿ ಸರಿಯಾದ ದಾಖಲೆಗೂ ದೊಡ್ಡವರು ತಲೆಯಾಡಿಸುತ್ತಿದ್ದರು, ಒಂದೊಂದು ತಲೆಯಾಡಿಕೆಯೂ ಅವನ ಲೆಕ್ಕಕ್ಕೇ ಹೋಗುತ್ತಿತ್ತು. ಕೆಟ್ಟರೆ ತನ್ನ ತೇಪೆ ಬಯಲಾಗುತ್ತದೆ, ಗೆದ್ದರೆ ಅವನು ಗೆಲ್ಲುತ್ತಾನೆ. ಇವೆರಡರಲ್ಲಿ ತನಗೆ ಯಾವುದು ಬೇಕು ಎಂದು ಕೇಳಿಕೊಳ್ಳಲು ಹೊರಟು, ಉತ್ತರ ಗಂಟಲವರೆಗೆ ಬಂದದ್ದನ್ನು ಕಂಡು ಇವನು ಕಿಟಕಿಯಾಚೆ ತಿರುಗಿದ. ಎದುರು ಕಟ್ಟಡದ ಬಾಲ್ಕನಿಯಲ್ಲಿ ಯಾರೋ ಚಾಪೆ ಕೊಡವುತ್ತಿದ್ದರು.

"ಒಂದು ನಮ್ಮ ಮನೇದೇ ಹಾಕೋಣ" ಎಂದರು ಮೇಡಂ. "ನಮ್ಮ ತಂದೆಯವರದು. ಅವರ ನಂಬರ್ ನನಗೆ ಬಾಯಿಪಾಠ."

ಪರದೆ ಬದಲಾಯಿತು. ಹೆಸರಿತ್ತು, ವಯಸ್ಸಿತ್ತು, ಎಪ್ಪತ್ತೆರಡು. ಕೆಳಗೆ: ಹೆರಿಗೆ, ಎರಡು. ಮೊದಲನೆಯದು ಸಹಜ, ಎರಡನೆಯದು ಶಸ್ತ್ರಚಿಕಿತ್ಸೆ.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮೇಡಂ ಅವರೇ ಜೋರಾಗಿ ನಕ್ಕುಬಿಟ್ಟರು. "ಅಯ್ಯೋ ಅಪ್ಪಾ! ನಮಗೆ ಹೇಳಲೇ ಇಲ್ಲವಲ್ಲ! ನನಗಿನ್ನೂ ಇಬ್ಬರು ಒಡಹುಟ್ಟಿದವರಿದ್ದಾರೆ ಅನ್ನಿ!" ಕೋಣೆಯೆಲ್ಲ ನಕ್ಕಿತು. ದೊಡ್ಡವರೂ ನಕ್ಕರು. ಮೇಡಂ ಕನ್ನಡಕವನ್ನು ಕಣ್ಣಿಗೆ ಇಳಿಸಿಕೊಂಡು ಪರದೆಯ ಹತ್ತಿರ ಹೋದರು, ಇನ್ನೂ ನಗುತ್ತಲೇ. ಕೆಳಗಿನ ಸಾಲಿನ ಮೇಲೆ ಬೆರಳಿಟ್ಟವರು ನಗು ನಿಲ್ಲಿಸಿದರು. "ಒಗ್ಗದ ಔಷಧಿ: ಯಾವುದೂ ಇಲ್ಲ" ಎಂದು ಓದಿದರು. "ಇಲ್ಲ ಅಂದ್ರೇನು? ಅವರಿಗೆ ಒಂದು ಇಂಜೆಕ್ಷನ್ ಒಗ್ಗಲ್ಲ. ಹೋದ ಸಲ ಕೊಟ್ಟು ಉಸಿರು ಕಟ್ಟಿ, ಎರಡು ದಿನ ಯಮನ ಬಾಗಿಲಲ್ಲಿದ್ದು ಬಂದ್ರು. ಅದನ್ನ ಬರೆಸಿದ್ದೇ ನಾನು, ಕೆಂಪಕ್ಷರದಲ್ಲಿ. ಎಲ್ಲಿ ಅದು?" ಯಾರನ್ನೂ ನೋಡದೆ ಕೇಳಿದರು. "ಇದು ಯಾರದು? ಆ ಹೆಂಗಸು ಯಾರು?"

ಇವನಿಗೆ ತಟ್ಟನೆ ಹೊಳೆಯಿತು. ಗುಟ್ಟಿನ ಅಕ್ಷರವನ್ನು ಯಂತ್ರವೇ ಅಂಟಿಸತೊಡಗಿದ್ದು ತೇಪೆ ಹಾಕಿ ಎರಡು ತಿಂಗಳಾದ ಮೇಲೆ. ಮೊದಲ ಎರಡು ತಿಂಗಳು, ಅವಸರದಲ್ಲಿ, ಇವನು ಒಂದೊಂದನ್ನೂ ಕೈಯಾರೆ ಬದಲಾಯಿಸಿದ್ದ, ಕೆಲವಕ್ಕೆ ಅಕ್ಷರ ಹಾಕಿ, ಕೆಲವಕ್ಕೆ ಮರೆತು. ಮರೆತಿದ್ದನ್ನೂ ಮರೆತಿದ್ದ. ಅಕ್ಷರವಿಲ್ಲದ ಕಡೆ ಹೊಸ ಸಾಫ್ಟ್‌ವೇರ್ ಇಬ್ಬರನ್ನೂ ಒಬ್ಬರೆಂದೇ ಸೇರಿಸಿಬಿಟ್ಟಿತ್ತು.

ಪರೀಕ್ಷೆ ನಿಂತಿತು. ಆಸ್ಪತ್ರೆಯವರು ಪಕ್ಕದ ಕೋಣೆಗೆ ಹೋದರು, ದೊಡ್ಡವರು ಅವರ ಹಿಂದೆ. ಕಾರಿಡಾರಿನಲ್ಲಿ ಜರಡಿ ಇವನ ಪಕ್ಕಕ್ಕೆ ಬಂದು ಗೋಡೆಗೊರಗಿದಳು, ಮುಖ ಬಾಡಿತ್ತು. "ನನ್ನದೇ ತಪ್ಪು ಸರ್. ನಾನು ಹಟ ಮಾಡಿ ಅದನ್ನ ನೋಡಬೇಕಿತ್ತು."

"ಯಾವುದನ್ನ?"

"ಹಳೇ ನಂಬರಿಂದು. ಒಂದೇ ನಂಬರಲ್ಲಿ ಇಬ್ಬಿಬ್ಬರು ಇದ್ದಾರಂತೆ ಸರ್, ಯಾರೋ ಮಹಾನುಭಾವ ಮಾಡಿಟ್ಟಿದ್ದಂತೆ. ಪ್ಲಾನಲ್ಲಿ ಕೊನೇಲಿ ಎರಡು ವಾರ ಇತ್ತಲ್ಲ, ಇದಕ್ಕೇ ಅಂತ ಇಟ್ಟಿದ್ದು. ಮ್ಯಾನೇಜರ್ ನನಗೊಬ್ಬಳಿಗೆ ಹೇಳಿದ್ರು, ಬೇರೆಯವರಿಗೆ ಹೇಳ್ಬೇಡ, ಒಬ್ಬರ ಮರ್ಯಾದೆ ಪ್ರಶ್ನೆ ಅಂತ. ಯಾರು ಆ ಪುಣ್ಯಾತ್ಮ ಅಂತ ಕೇಳಿದ್ರೆ ಬಾಯೇ ಬಿಡ್ಲಿಲ್ಲ." ಅವಳು ಉಗುರು ಕಚ್ಚಿದಳು. "ಆಮೇಲೆ ಆ ಎರಡು ವಾರ ಕತ್ತರಿಸಿಬಿಟ್ರಲ್ಲ. ಹೋದ ವಾರ ಕೂಡ ಕೇಳ್ದೆ ಸರ್, ಅದನ್ನ ಪರೀಕ್ಷೆ ಮಾಡ್ಲಾ ಅಂತ. ಬೇಡ, ಮಾಡಬೇಕಾದವರೇ ಕೂತು ಮಾಡಿದ್ದಾರೆ, ನಾನು ನೋಡಿದೀನಿ, ಅವರ ಕೈಯಲ್ಲಿ ತಪ್ಪಾಗಲ್ಲ, ಅಂದ್ರು."

ಇವನು ಗೋಡೆಯ ಮೇಲಿದ್ದ ಬೆಂಕಿ ಆರಿಸುವ ಕೆಂಪು ಸಿಲಿಂಡರನ್ನು ನೋಡಿದ. ಅದನ್ನು ಬಳಸುವ ಕ್ರಮವನ್ನು ಚಿತ್ರಗಳಲ್ಲಿ ಬರೆದಿದ್ದರು. ಮೂರನೆಯ ಚಿತ್ರದಲ್ಲಿ ಮನುಷ್ಯನಿಗೆ ಮುಖವಿರಲಿಲ್ಲ. ಗೊತ್ತಿತ್ತು ಷಡ್ಡಕನಿಗೆ. ಮೊದಲ ದಿನದಿಂದ. ಸೋಮವಾರ ಸೋಮವಾರ ಪೆನ್ನು ಎತ್ತಿಕೊಂಡು ಮುಖ ನೋಡುತ್ತ ನಿಂತದ್ದು ಕೆಣಕುವುದಕ್ಕಲ್ಲ, ಕಾಯುವುದಕ್ಕೆ. ತಾನಾಗಿ ಹೇಳಲಿ, ಹೇಳದಿದ್ದರೆ ಬೇಡ, ಹೆಸರಿಲ್ಲದ ಒಂದು ಸಾಲಿನಲ್ಲಿ ಮುಚ್ಚಿಟ್ಟುಬಿಡೋಣ ಎಂದು ಎರಡು ವಾರವನ್ನು ಹೊದಿಕೆಯ ಹಾಗೆ ಇವನ ಮೇಲೆ ಎಳೆದಿದ್ದ. ಅದನ್ನು ಇವನು ಲಿಫ್ಟಿನಲ್ಲಿ ನಿಂತು ತನ್ನ ಕೈಯಾರೆ ಕಿತ್ತು ಎಸೆದ. ಈ ಹೊತ್ತಿನಲ್ಲಿ ಮನಸ್ಸು ಕರಗಬೇಕಿತ್ತು, ಕಣ್ಣಾದರೂ ಒದ್ದೆಯಾಗಬೇಕಿತ್ತು. ಬದಲಿಗೆ ಎದೆಯ ಅದೇ ಹಳೆಯ ಜಾಗದಲ್ಲಿ ಅದೇ ಉರಿ, ಇನ್ನೂ ಹಸಿಯಾಗಿ, ಎದ್ದಿತು. ಕುರ್ಚಿಯಲ್ಲಿ ಮೀರಿಸಿದ, ಅತ್ತೆಯ ಮನೆಯ ಊಟದ ಸಾಲಿನಲ್ಲಿ ಮೀರಿಸಿದ, ಈಗ ಒಳ್ಳೆಯತನದಲ್ಲೂ. ತನಗೆ ಉಳಿದ ಒಂದು ಜಾಗವನ್ನಾದರೂ, ಅನ್ಯಾಯಕ್ಕೊಳಗಾದವನು ತಾನು ಎಂಬ ಜಾಗವನ್ನಾದರೂ, ಅವನು ಬಿಟ್ಟುಕೊಡಬಾರದಿತ್ತೇ?

ಒಳಗೆ ಕರೆದರು. ಮೇಜಿನ ಒಂದು ಕಡೆ ದೊಡ್ಡವರು ಮತ್ತು ಮೇಡಂ, ಇನ್ನೊಂದು ಕಡೆ ಷಡ್ಡಕ. ಇವನು ಅವನ ಪಕ್ಕದಲ್ಲೇ ಕೂರಬೇಕಾಯಿತು.

"ಆ ಎರಡು ವಾರ ಇದಕ್ಕೇ ಅಂತ ಈಗ ಹೇಳ್ತೀರಿ" ಎಂದರು ದೊಡ್ಡವರು, ದನಿ ಏರಿಸದೆ. "ಆಗ ಯಾಕೆ ಬರೀಲಿಲ್ಲ? ಇತರೆ ಕೆಲಸ ಅಂದ್ರೆ ನನಗೇನು ಕನಸು ಬೀಳತ್ತಾ?"

"ನನ್ನ ತಪ್ಪು ಸರ್. ಬರೀಬೇಕಿತ್ತು."

"ಯಾಕೆ ಬರೀಲಿಲ್ಲ ಅಂತ ಕೇಳ್ತಿದೀನಿ."

ಷಡ್ಡಕ ಮೇಜಿನ ಮೇಲಿದ್ದ ತನ್ನ ಎರಡೂ ಕೈಗಳನ್ನು ನೋಡುತ್ತಿದ್ದ. ಮೇಡಂ ಪೆನ್ನಿನ ಮುಚ್ಚಳ ತೆಗೆದು ಹಾಕಿದರು. ಗೋಡೆಯ ಒಳಗೆಲ್ಲೋ ನೀರು ಇಳಿಯುವ ಸದ್ದು. ಈಗ, ಎಂದುಕೊಂಡ ಇವನು. ಒಂದೇ ವಾಕ್ಯ ಸಾಕು. ಅಷ್ಟರಲ್ಲಿ ದೊಡ್ಡವರೇ ಇವನ ಕಡೆ ತಿರುಗಿದರು. "ನೀವು ಹಳಬರು. ಹಳೇದನ್ನ ಬರೆದಿದ್ದೂ ನೀವೇ ಅಲ್ವಾ? ಇದು ನಿಮಗೆ ಗೊತ್ತಿತ್ತಾ?"

"ಅವರನ್ನ ಯಾಕೆ ಕೇಳ್ತೀರಿ ಸರ್" ಎಂದ ಷಡ್ಡಕ, ತಲೆ ಎತ್ತದೆ. "ಹನ್ನೊಂದು ವರ್ಷದ ಮಾತು. ಅವರು ಬಿಟ್ಟಮೇಲೆ ಎಷ್ಟು ಜನ ಕೈ ಹಾಕಿದ್ದಾರೋ ಅದಕ್ಕೆ. ನೋಡಿಕೊಳ್ಳಬೇಕಾಗಿದ್ದು ನಾನು."

ಸುಳ್ಳು. ಇವನಲ್ಲದೆ ಯಾರೂ ಅದಕ್ಕೆ ಕೈ ಹಾಕಿರಲಿಲ್ಲ. ಎದುರಿಗೆ ಬಾಗಿಲು ತೆರೆದು ಹಿಡಿದು ನಿಂತ ಹಾಗಿತ್ತು, ನಡೆದುಹೋದರೆ ಆಯಿತು. ಮತ್ತು ಇವನ ಬಾಯಿಂದ ಮಾತು ಬಂದದ್ದನ್ನು ಇವನೇ ಬೇರೆಯವರ ಮಾತಿನ ಹಾಗೆ ಕೇಳಿದ: "ಸರಿಮಾಡಬಹುದು ಸರ್. ಒಂದೇ ನಂಬರಲ್ಲಿ ಸೇರಿಹೋದವರನ್ನ ಕಾಗದದ ಕಡತ ನೋಡಿ ಒಂದೊಂದಾಗಿ ಬೇರೆ ಮಾಡಬೇಕು. ಎರಡು ವಾರ ಬೇಕು."

"ತಗೊಳ್ಳಿ" ಎಂದರು ದೊಡ್ಡವರು, ಒಂದು ಕ್ಷಣವೂ ಯೋಚಿಸದೆ. "ಮೇಡಂ, ಇವರು ಹೇಳಿದ್ರೆ ಹೇಳಿದ ಹಾಗೆ. ಇವತ್ತಿಂದ ಈ ಪ್ರಾಜೆಕ್ಟನ್ನ ಇವರೇ ನೋಡ್ಕೋತಾರೆ." ಷಡ್ಡಕನಿಗೆ ಏನೂ ಹೇಳಲಿಲ್ಲ, ಹೇಳಬೇಕಾದದ್ದು ಉಳಿದಿರಲೂ ಇಲ್ಲ. ಮೇಡಂ ಎದ್ದು ಇವನ ಕೈ ಕುಲುಕಿದರು. "ನಮ್ಮ ತಂದೆಯವರದನ್ನ ಮೊದಲು ಮಾಡಿ" ಎಂದರು.

ಆರು ತಿಂಗಳಿಂದ ಹಗಲೂ ರಾತ್ರಿ ಬೇಕೆಂದು ಬಯಸಿದ್ದು ಒಂದು ನಿಮಿಷದಲ್ಲಿ ಬಂದು ಮಡಿಲಿಗೆ ಬಿತ್ತು. ಅದಕ್ಕೆ ರುಚಿಯಿಲ್ಲ ಎಂದು ಇವನಿಗೆ ಅನ್ನಿಸಲಿಲ್ಲ, ಅದೇ ಭಯಂಕರ. ರುಚಿಯಿತ್ತು. ಹೆಂಡತಿಗೆ ಫೋನಿನಲ್ಲಿ ಹೇಗೆ ಹೇಳುವುದು, ಅತ್ತೆಗೆ ಯಾರು ಹೇಳುತ್ತಾರೆ, ಈ ಭಾನುವಾರ ಯಾರ ತಟ್ಟೆಗೆ ಮೊದಲು ಬಾಗುತ್ತಾರೆ ಎಂಬ ಲೆಕ್ಕ ಆಗಲೇ ಒಳಗೆ ಓಡುತ್ತಿತ್ತು, ಯಾರೂ ಕೇಳದಿದ್ದರೂ.

ಮೆಟ್ಟಿಲಿನಲ್ಲಿ ಇಬ್ಬರೂ ಜೊತೆಗೆ ಇಳಿದರು. ಷಡ್ಡಕನೇ ಲಿಫ್ಟ್ ಬೇಡ ಎಂದಿದ್ದ. ಐದನೆಯ ಮಹಡಿಯ ತಿರುವಿನಲ್ಲಿ ನಿಂತು ಜೇಬಿನಿಂದ ಮಡಿಚಿದ ಹಾಳೆ ತೆಗೆದುಕೊಟ್ಟ. "ಇದರಲ್ಲಿ ನಂಬರುಗಳಿವೆ, ನನಗೆ ಸಿಕ್ಕಿದಷ್ಟು. ಮುನ್ನೂರ ಹನ್ನೆರಡು. ನಿಮಗೆ ಸಹಾಯ ಆಗಬಹುದು." ನೋಡಿದರೆ ಎಲ್ಲ ಕೈಬರಹ, ಅದೇ ದುಂಡಗಿನ ಅಕ್ಷರ, ಎಷ್ಟು ದಿನ ಒಬ್ಬನೇ ಕೂತು ಹುಡುಕಿದ್ದನೋ.

"ಆಸ್ಪತ್ರೇಲಿ ಕಾಗದದ ಕಡತಗಳು ನೆಲಮಾಳಿಗೇಲಿವೆ" ಎಂದ ಷಡ್ಡಕ. "ಧೂಳು. ನಿಮಗೆ ಕೆಮ್ಮು ಬೇರೆ. ನಾನು ಬರ್ತೀನಿ ಜೊತೆಗೆ."

"ನೀನ್ಯಾಕೆ?"

"ಇನ್ನೇನು ಕೆಲಸ ಇದೆ ನನಗೀಗ?" ಎಂದು ನಕ್ಕ. ನಗು ಅರ್ಧಕ್ಕೆ ನಿಂತಿತು. ಕಂಬಿಯನ್ನು ಉಗುರಿನಿಂದ ಕೆರೆಯುತ್ತ, "ಒಂದು ಮಾತ್ರ ಅರ್ಥ ಆಗಲ್ಲ ಭಾವ" ಎಂದ. "ಎಂಟು ಹಾಳೇಲಿ ದೊಡ್ಡವರು ಬೇರೆ ಏನನ್ನೂ ಮುಟ್ಟಲಿಲ್ಲ. ನೇರವಾಗಿ ಆ ಸಾಲಿಗೇ ಹೇಗೆ ಹೋದ್ರು ಅಂತ."

ಇವನು ಹಾಳೆಯನ್ನು ಬಿಡಿಸಿ ಮತ್ತೆ ಮಡಿಚಿದ. ಕೆಳಗಿನ ಮಹಡಿಯಲ್ಲಿ ಯಾರೋ ಬಾಗಿಲು ತೆರೆದರು, ಟೈಪು ಮಾಡುವ ಸದ್ದು ಕೇಳಿ ಮತ್ತೆ ಮುಚ್ಚಿಹೋಯಿತು. ಷಡ್ಡಕ ಸ್ವಲ್ಪ ಹೊತ್ತು ಕಾದ. ಆಮೇಲೆ, "ಹೋಗಲಿ ಬಿಡಿ, ಈಗ ಅದನ್ನ ಕಟ್ಕೊಂಡು ಏನು" ಎನ್ನುತ್ತ ಮೆಟ್ಟಿಲಿಳಿಯತೊಡಗಿದ. ಇವನು ಎರಡು ಮೆಟ್ಟಿಲು ಹಿಂದೆ, ಅವನ ಬೆನ್ನನ್ನೇ ನೋಡುತ್ತ ಇಳಿದ.

ಎರಡು ವಾರ ಇಬ್ಬರೂ ನೆಲಮಾಳಿಗೆಯಲ್ಲಿ ಎದುರುಬದುರು ಕೂತು ಕಡತ ಬಿಚ್ಚಿದರು, ಒಂದೇ ಡಬ್ಬಿಯಿಂದ ಊಟ ಮಾಡಿದರು, ಬೇಕಾದಷ್ಟು ಮಾತಾಡಿದರು. ಆ ಸಾಲನ್ನು ದೊಡ್ಡವರಿಗೆ ತೋರಿಸಿಕೊಟ್ಟವನು ತಾನು ಎಂದು ಇವನು ಹೇಳಲಿಲ್ಲ.